ಹೊಡೆದ ಮದ್ದು, ಕೊಡದ ಮದ್ದು

ನಮ್ಮ ಕಡೆಯ ಮಾತಿನಲ್ಲಿ ಮದ್ದು ಎಂದರೆ ಎರಡೂ ಹೌದು. ಜ್ವರ ಬಂದವನಿಗೆ ಕೊಡುವುದೂ ಮದ್ದು, ಮಳೆಗಾಲದಲ್ಲಿ ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಬಿಡುವುದೂ ಮದ್ದು. ಎಪ್ಪತ್ತರ ದಶಕದ ಕೊನೆಗೆ ಕಾಸರಗೋಡಿನ ಎಣ್ಮಕಜೆಯ ಗುಡ್ಡೆಗಳ ಮೇಲೆ ಹೆಲಿಕಾಪ್ಟರ್ ಕಾಣಿಸಿಕೊಂಡಾಗ ಜನ ಆಡಿದ ಮಾತೂ ಅದೇ: ಗೇರಿಗೆ ಮದ್ದು ಬಿಡ್ತಾರೆ. ಮಕ್ಕಳು ಅಂಗಳಕ್ಕೆ ಓಡಿ ಬಂದು ತಲೆ ಎತ್ತಿ ನೋಡಿದರು. ತೋಟ ಸರಕಾರದ್ದು, ಮದ್ದು ಸರಕಾರದ್ದು, ಬಿಡಿಸುವವರೂ ಸರಕಾರದವರೇ. ಅನುಮಾನಪಡುವುದಕ್ಕೆ ಯಾರಿಗೂ ಕಾರಣ ಕಾಣಲಿಲ್ಲ.

ಸರಕಾರಗಳಿಂದ ಸಮಾಜದ ಸಮಸ್ಯೆಗಳು ಬಗೆಹರಿಯುತ್ತವೆಯೇ ಎಂಬುದು ಬೇರೆ ಊರುಗಳಲ್ಲಿ ಕಾಲೇಜಿನ ಚರ್ಚಾಸ್ಪರ್ಧೆಗೆ ಒಳ್ಳೆಯ ವಿಷಯ. ಕಾಸರಗೋಡು ಜಿಲ್ಲೆಯಲ್ಲಿ ಅದಕ್ಕೂ ಮೊದಲು ಕೇಳಬೇಕಾದದ್ದು ಒಂದಿದೆ. ಸಮಸ್ಯೆಯನ್ನು ತಂದು ಅಂಗಳದಲ್ಲಿ ಸುರಿದವರು ಯಾರು?

ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳ ಎಂಬುದು ಕೇರಳ ಸರಕಾರದ್ದೇ ಉದ್ಯಮ, ಅದರ ಕೇಂದ್ರ ಕಚೇರಿ ಕೋಟ್ಟಯಂನಲ್ಲಿ. ಈ ಜಿಲ್ಲೆಯಲ್ಲಿ ಅದು ಸುಮಾರು 4,600 ಹೆಕ್ಟೇರ್ ಗೇರುತೋಟ ಹೊಂದಿತ್ತು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಅದು ಎರಡು ದಶಕಕ್ಕೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿಸಿತು. ಹಾಗೆ ಸುರಿಸುವುದಕ್ಕೆ ನಿಯಮಗಳಿದ್ದವು. ಮರದ ತಲೆಯಿಂದ ಎರಡು ಮೂರು ಮೀಟರಿಗಿಂತ ಮೇಲೆ ಹಾರಬಾರದು, ಊರವರಿಗೆ ಮುಂಚೆ ತಿಳಿಸಬೇಕು, ನೀರಿನ ಮೂಲಗಳನ್ನು ಮುಚ್ಚಿಸಬೇಕು. ನಮ್ಮ ಗುಡ್ಡೆ ಕಣಿವೆಗಳ ನಡುವೆ ಮರಕ್ಕೆ ತಾಗುವ ಹಾಗೆ ಹೆಲಿಕಾಪ್ಟರ್ ಹಾರಿಸುವ ಪೈಲಟ್ ಯಾರಿದ್ದಾನೆ? ಬಾವಿಯಾದರೆ ಮುಚ್ಚಬಹುದು, ತೋಡನ್ನು, ಗುಡ್ಡೆಯ ಹೊಟ್ಟೆಯಿಂದ ಸುರಂಗದ ನೀರು ಬಂದು ಬೀಳುವ ಕೆರೆಯನ್ನು ಏನು ಹೊದೆಸಿ ಮುಚ್ಚುತ್ತೀರಿ? ನಿಯಮ ಬರೆದವರು ಪೆರ್ಲ, ಪಡ್ರೆ, ಬೆಳ್ಳೂರು, ಮುಳಿಯಾರುಗಳನ್ನು ನೋಡಿರಲಿಕ್ಕಿಲ್ಲ. ನೋಡಿದ್ದವರು ನಿಯಮ ಓದಿರಲಿಕ್ಕಿಲ್ಲ.

ಯಾರೂ ಎಚ್ಚರಿಸಲಿಲ್ಲ ಎನ್ನುವ ನೆಪ ಇಲ್ಲಿ ನಡೆಯುವುದಿಲ್ಲ. ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು ಬರೆದದ್ದು 1979ರಲ್ಲಿ. ಆಮೇಲೆ ವಾಣಿನಗರದ ಸಣ್ಣ ಚಿಕಿತ್ಸಾಲಯದಲ್ಲಿ ಕುಳಿತ ಡಾ. ವೈ.ಎಸ್. ಮೋಹನ್ ಕುಮಾರ್, ತಮ್ಮಲ್ಲಿಗೆ ಬರುವ ಕಾಯಿಲೆಗಳ ಲೆಕ್ಕ ಸರಿಯಿಲ್ಲ ಎಂದು ಕಂಡುಕೊಂಡರು. ಬುದ್ಧಿಮಾಂದ್ಯತೆ, ಅಪಸ್ಮಾರ, ಹುಟ್ಟಿನಿಂದಲೇ ಬಂದ ಅಂಗವೈಕಲ್ಯ, ಕ್ಯಾನ್ಸರ್, ಇವೆಲ್ಲ ಒಂದೇ ಕಣಿವೆಯಲ್ಲಿ ಇಷ್ಟೊಂದು ಏಕೆ ಎಂದು ಅವರು ಪತ್ರ ಬರೆದು ಕೇಳಿದರು. ಊರಿನಲ್ಲಿ ಎಷ್ಟೋ ಮಂದಿ ಇದನ್ನು ದೈವದ ಮುನಿಸು ಎಂದೇ ತಿಳಿದಿದ್ದರು. ಮುನಿಸಿಕೊಂಡ ದೈವಕ್ಕಾದರೆ ತಂಬಿಲ ಕೊಟ್ಟು ಕ್ಷಮೆ ಕೇಳಬಹುದಿತ್ತು, ಕೋಟ್ಟಯಂನ ಕಚೇರಿಗೆ ಏನು ಕೊಡುವುದು?

ಕೊನೆಗೆ ಹೆಲಿಕಾಪ್ಟರನ್ನು ಕೆಳಗಿಳಿಸಿದ ರೀತಿಯನ್ನು ನೋಡಿ. ಪೆರಿಯದಲ್ಲಿ ಕೃಷಿ ಇಲಾಖೆಯ ಅಧಿಕಾರಿಯಾಗಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋದರು. 1998ರಲ್ಲಿ ತಡೆಯಾಜ್ಞೆ ಬಂತು. ಕಾರ್ಪೊರೇಶನ್ ಮೇಲಿನ ನ್ಯಾಯಾಲಯಗಳವರೆಗೂ ಕಾದಾಡಿತು. 2000ದ ಕೊನೆಗೆ ಹಾರಾಟ ನಿಂತಿತು. ಸರಕಾರದ ಸಂಬಳ ಪಡೆಯುವ ಹೆಂಗಸೊಬ್ಬಳು, ಸರಕಾರದ ಕಂಪೆನಿಯ ಮೇಲೆ, ಸರಕಾರದ ಇನ್ನೊಂದು ಬಾಗಿಲಿನಲ್ಲಿ ದೂರು ಕೊಟ್ಟು ಗೆದ್ದಳು. ಸರಕಾರ ಕೆಲಸ ಮಾಡಿತೇ ಇಲ್ಲವೇ ಎಂದು ಯಾರಾದರೂ ಕೇಳಿದರೆ ಈ ಪ್ರಕರಣದಲ್ಲಿ ಏನು ಹೇಳಬೇಕು? ಒಂದು ಕೈ ಸುರಿಸಿತು, ಇನ್ನೊಂದು ಕೈ ಇಪ್ಪತ್ತು ವರ್ಷ ತಡವಾಗಿ ತಡೆಯಿತು.

ಆಮೇಲೆ ಶುರುವಾದದ್ದು ಸಮಿತಿಗಳ ಕಾಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರಲ್ಲಿ ಪಡ್ರೆಯ ನೀರಿನಲ್ಲಿ, ಮಣ್ಣಿನಲ್ಲಿ, ಜನರ ರಕ್ತದಲ್ಲಿ ವಿಷ ಇದೆ ಎಂದಿತು. ಕಾರ್ಪೊರೇಶನ್ ತಾನೇ ಮಾಡಿಸಿದ ಪರೀಕ್ಷೆ ಅಂಥದ್ದೇನೂ ಇಲ್ಲ ಎಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2002ರಲ್ಲಿ ಮಕ್ಕಳನ್ನು ಪರೀಕ್ಷಿಸಿ ಹಾನಿ ಆಗಿದೆ ಎಂದಿತು. ಕೇಂದ್ರ ನೇಮಿಸಿದ ದುಬೆ ಸಮಿತಿ ಬಂದು ಸಂಬಂಧ ಕಾಣುವುದಿಲ್ಲ ಎಂದಿತು. ಮಾಯಿ ಸಮಿತಿಯೂ ಅದೇ ದಾರಿ ಹಿಡಿಯಿತು. ವಿಜ್ಞಾನದಲ್ಲಿ ಭಿನ್ನಾಭಿಪ್ರಾಯ ತಪ್ಪಲ್ಲ, ಅದು ಬೇಕು. ಆದರೆ ವಿಜ್ಞಾನಿಗಳು ಒಮ್ಮತಕ್ಕೆ ಬರುವವರೆಗೆ ಚಾಪೆಯ ಮೇಲೆ ಮಲಗಿದ ಮಗುವಿನ ತಲೆ ತೊಳೆದು ಅನ್ನ ಕಲಸಿ ತಿನ್ನಿಸುವ ತಾಯಿಗೆ ಏನು ನೆರವು ಎಂದು ಯೋಚಿಸಲು ಯಾವ ಸಮಿತಿಯ ಅಗತ್ಯವೂ ಇರಲಿಲ್ಲ.

2011ರ ಏಪ್ರಿಲ್ 25ರಂದು ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಒಂದು ದಿನ ಉಪವಾಸ ಕುಳಿತರು. ದೇಶದಲ್ಲಿಡೀ ಎಂಡೋಸಲ್ಫಾನ್ ನಿಷೇಧಿಸಬೇಕೆಂದು ಕೇಂದ್ರಕ್ಕೆ ಒತ್ತಾಯ. ಅವರ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ವಿಷ ಸುರಿಸಿದ ಕಂಪೆನಿಯ ಒಡೆತನದ ಸರಕಾರದ ಮುಖ್ಯಸ್ಥರೇ ಉಪವಾಸ ಕೂರಬೇಕಾದ ಸ್ಥಿತಿ ಬಂದರೆ, ಊಟ ಬಿಟ್ಟು ಕೇಳಿಕೊಳ್ಳುವುದಕ್ಕೆ ಸಾಮಾನ್ಯನಿಗೆ ಇನ್ನಾರಿದ್ದಾರೆ ಎಂಬುದಷ್ಟೇ ನಮ್ಮ ಪ್ರಶ್ನೆ. ಅದೇ ತಿಂಗಳ ಕೊನೆಗೆ ಜಿನೀವಾದಲ್ಲಿ ಸ್ಟಾಕ್‌ಹೋಂ ಒಡಂಬಡಿಕೆಯ ದೇಶಗಳು ಈ ವಿಷವನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಹಿಡಿಯಿತು.

ನಿಷೇಧ ಸುಲಭದ ಭಾಗ. ಒಂದು ಆದೇಶ, ಒಂದು ಸಹಿ, ಒಂದು ಪತ್ರಿಕಾಗೋಷ್ಠಿ. ಕಷ್ಟದ ಭಾಗ ಆಮೇಲೆ ಬರುತ್ತದೆ, ಅಲ್ಲೇ ನಮ್ಮ ಸರಕಾರಗಳ ಬಣ್ಣ ಬಯಲಾಗುವುದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಕೊನೆಯ ದಿನ ಪರಿಹಾರದ ಮೊತ್ತ ಹೇಳಿತು: ಸತ್ತವರ ಕುಟುಂಬಕ್ಕೂ ಹಾಸಿಗೆ ಹಿಡಿದವರಿಗೂ 5 ಲಕ್ಷ, ಉಳಿದವರಿಗೆ 3 ಲಕ್ಷ. ವರ್ಷಗಳು ಉರುಳಿದವು. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಎಲ್ಲ ಸಂತ್ರಸ್ತರಿಗೂ 5 ಲಕ್ಷ, ಅದೂ ಮೂರು ತಿಂಗಳೊಳಗೆ ಎಂದು ಆದೇಶಿಸಿತು. ಮೂರು ತಿಂಗಳು ಹೋಗಿ ಐದು ವರ್ಷವಾಯಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಮುಂದೆ ಲೆಕ್ಕ ಬಂದಾಗ, ಬಾಕಿಯಿದ್ದ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಆ ಎಂಟು ಮಂದಿ ಯಾರು? ನ್ಯಾಯಾಂಗ ನಿಂದನೆಯ ಅರ್ಜಿ ಹಿಡಿದು ದೆಹಲಿಯವರೆಗೆ ಹೋಗಲು ಸಾಧ್ಯವಾದವರು. ಉಳಿದವರು ಹೋಗಲಾರದವರು. ಸರಕಾರ ಕೋರ್ಟಿನ ಆದೇಶವನ್ನು ಪಾಲಿಸಿತ್ತು, ಕೋರ್ಟಿಗೆ ಬಂದವರ ಮಟ್ಟಿಗೆ!

ಛಡಿ ಬಿದ್ದ ಮೇಲೆ ಕೆಲಸ ಓಡಿತು. 200 ಕೋಟಿ ರೂಪಾಯಿ ಆ ವರ್ಷದ ಮೊದಲಲ್ಲೇ ಮಂಜೂರಾಗಿತ್ತು, ಕೆಲವೇ ತಿಂಗಳುಗಳಲ್ಲಿ ಬಹುಪಾಲು ಮಂದಿಯ ಖಾತೆಗೆ ಹಣ ಬಂತು. ಇದನ್ನು ಒಪ್ಪಬೇಕು. ಒಪ್ಪುತ್ತಲೇ ಕೇಳಬೇಕು: ಕೆಲವು ತಿಂಗಳಲ್ಲಿ ಆಗುವ ಕೆಲಸಕ್ಕೆ ಐದು ವರ್ಷ ಕೂತದ್ದು ಯಾಕೆ? ಖಜಾನೆ ಬರಿದಾಗಿತ್ತೇ, ಕಡತ ಕಳೆದುಹೋಗಿತ್ತೇ? ಎರಡೂ ಅಲ್ಲ. ಆ ಐದು ವರ್ಷ ಕಾಸರಗೋಡಿನ ಉತ್ತರದ ಪಂಚಾಯತುಗಳು ಯಾರ ನಿದ್ದೆಯನ್ನೂ ಕೆಡಿಸಿರಲಿಲ್ಲ.

ಪಟ್ಟಿಯ ಕಥೆ ಇದಕ್ಕಿಂತಲೂ ಕೆಟ್ಟದ್ದು. 2017ರ ವೈದ್ಯಕೀಯ ಶಿಬಿರದಲ್ಲಿ 1,905 ಮಂದಿಯನ್ನು ಗುರುತಿಸಿ, ಅಂತಿಮ ಪಟ್ಟಿಗೆ ಬರುವಾಗ ಅದನ್ನು 287ಕ್ಕೆ ಇಳಿಸಲಾಯಿತು. ಗಲಾಟೆಯಾದಾಗ 76 ಹೆಸರು ಸೇರಿತು, ಮತ್ತೆ ಗಲಾಟೆಯಾದಾಗ ಇನ್ನಷ್ಟು ಮಕ್ಕಳ ಹೆಸರು ಸೇರಿತು. ಉಳಿದ 1,031 ಮಂದಿ ಹೊರಗೇ ಉಳಿದು ಮತ್ತೆ ಬೀದಿಗಿಳಿದರು. ರೋಗಪತ್ತೆ ನಡೆಯುವುದು ವೈದ್ಯರ ಕೈಯಿಂದಲೋ ಘೋಷಣೆಯ ಸದ್ದಿನಿಂದಲೋ ಎಂದು ಜನ ಕೇಳಿದರೆ ತಪ್ಪೇನು? ಅದರ ಮೇಲೆ ಇನ್ನೊಂದು ಆದೇಶ ಬಂತು: ಸಂತ್ರಸ್ತರಾಗಬೇಕಾದರೆ 1980ರಿಂದ 2011ರ ಅಕ್ಟೋಬರ್ 25ರೊಳಗೆ ಹುಟ್ಟಿರಬೇಕು. ಕೇರಳದಲ್ಲಿ 2005ರಲ್ಲೇ ವಿಷಕ್ಕೆ ನಿಷೇಧ ಬಿದ್ದಿತ್ತು, ಆರು ವರ್ಷದ ಬಳಿಕ ಅದರ ಪರಿಣಾಮ ಉಳಿಯುವುದಿಲ್ಲ ಎಂಬುದು ಲೆಕ್ಕಾಚಾರ. ಅಂದರೆ ಅಕ್ಟೋಬರ್ 24ರ ರಾತ್ರಿ ಹುಟ್ಟಿದ ಮಗು ಸಂತ್ರಸ್ತ, ಎರಡು ದಿನ ತಡವಾಗಿ ಹುಟ್ಟಿದ ಪಕ್ಕದ ಮನೆಯ ಮಗು ಬರೀ ಅಂಗವಿಕಲ. ಇಬ್ಬರ ಮನೆಗೂ ನೀರು ಬರುವುದು ಅದೇ ತೋಡಿನಿಂದ.

ಈ ಚಾಳಿ ನಮ್ಮ ಸರಕಾರಗಳದ್ದು ಮಾತ್ರ ಎಂದುಕೊಳ್ಳಬೇಡಿ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯ ಪಾದರಸ ಮೀನಿಗೆ, ಮೀನಿನಿಂದ ಮನುಷ್ಯರಿಗೆ ಸೇರಿದ್ದು ಅಧಿಕೃತವಾಗಿ ಪತ್ತೆಯಾದದ್ದು 1956ರಲ್ಲಿ. ಕಾರಣ ಇದೇ ಎಂದು ಸರಕಾರ ಒಪ್ಪಿಕೊಳ್ಳಲು 1968 ಬೇಕಾಯಿತು. ಪರಿಹಾರಕ್ಕಾಗಿ 2009ರಲ್ಲಿ ತಂದ ಕಾಯಿದೆಯಲ್ಲೂ ಭೂಪಟದ ಮೇಲೆ ಗೆರೆ, ಹುಟ್ಟಿದ ದಿನಾಂಕಕ್ಕೆ ಗೆರೆ. ಗೆರೆಯಾಚೆ ಉಳಿದ 128 ಮಂದಿಯೂ ಆ ರೋಗಕ್ಕೆ ತುತ್ತಾದವರೇ ಎಂದು ಒಸಾಕಾದ ನ್ಯಾಯಾಲಯ ತೀರ್ಪು ಕೊಟ್ಟದ್ದು 2023ರಲ್ಲಿ. ದೇಹದ ಒಳಗೆ ವಿಷ ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನು ಕಚೇರಿಯ ಕ್ಯಾಲೆಂಡರ್ ನೋಡಿ ನಿರ್ಧರಿಸುವ ವಿದ್ಯೆ ಎಲ್ಲ ದೇಶದ ಗುಮಾಸ್ತರಿಗೂ ಗೊತ್ತು.

ಇಷ್ಟು ಓದಿದವರು, ಸರಕಾರಕ್ಕೆ ಯೋಗ್ಯತೆಯಿಲ್ಲ, ಬಿಟ್ಟುಬಿಡಿ ಎನ್ನಬಹುದು. ಹಾಗೆ ಹೇಳಿ ಕೈತೊಳೆದುಕೊಳ್ಳಲು ನಾವು ತಯಾರಿಲ್ಲ. ಏಕೆಂದರೆ ಇದೇ ಜಿಲ್ಲೆಯಲ್ಲಿ ಇದೇ ಸರಕಾರ ಯೋಗ್ಯತೆ ತೋರಿಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

2020ರ ಮಾರ್ಚ್ ಕೊನೆಗೆ ಕೇರಳದಲ್ಲಿ ಕೊರೋನಾ ಅತಿ ಹೆಚ್ಚು ಕಾಡಿದ ಜಿಲ್ಲೆ ಕಾಸರಗೋಡು. ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆಂದು ಕಟ್ಟಿ ಹಾಗೇ ನಿಂತಿದ್ದ ಕಟ್ಟಡವನ್ನು ನಾಲ್ಕು ದಿನದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ತಿರುವನಂತಪುರ ವೈದ್ಯಕೀಯ ಕಾಲೇಜಿನ ತಂಡ ರಾಜ್ಯದ ಆ ತುದಿಯಿಂದ ಈ ತುದಿಗೆ ರಸ್ತೆಯಲ್ಲೇ ಬಂತು. ಮೇ 10ರ ಹೊತ್ತಿಗೆ ಮೊದಲ ಎರಡು ಅಲೆಗಳ 178 ರೋಗಿಗಳೂ ಗುಣವಾಗಿ ಮನೆ ಸೇರಿದ್ದರು, ಒಬ್ಬರೂ ಸಾಯಲಿಲ್ಲ. ಆಶಾ ಕಾರ್ಯಕರ್ತೆಯರು, ಪಂಚಾಯತ್ ಸದಸ್ಯರು, ದಾದಿಯರು ಮಾಡಿದ ಆ ಕೆಲಸಕ್ಕೆ ಯಾವ ಹೊಗಳಿಕೆಯೂ ಹೆಚ್ಚಲ್ಲ. ಸರಕಾರ ಎಂಬ ಯಂತ್ರಕ್ಕೆ ತುಕ್ಕು ಹಿಡಿದಿಲ್ಲ, ಕೀಲಿ ಕೊಟ್ಟರೆ ಓಡುತ್ತದೆ.

ಹಾಗಾದರೆ ಆ ಕಟ್ಟಡ ಖಾಲಿ ನಿಂತಿದ್ದದ್ದು ಯಾಕೆ? ಉಕ್ಕಿನಡ್ಕ ವೈದ್ಯಕೀಯ ಕಾಲೇಜಿಗೆ ಮುಖ್ಯಮಂತ್ರಿ ಉಮ್ಮನ್ ಚಾಂಡಿ ಶಿಲಾನ್ಯಾಸ ಮಾಡಿದ್ದು 2013ರ ನವೆಂಬರ್ 30ರಂದು. ಆಗ ಅಂಗನವಾಡಿಗೆ ಸೇರಿದ ಮಗು ಈಗ ಹತ್ತನೆಯ ತರಗತಿಯ ಆಚೆಗಿದೆ. ಹೊರರೋಗಿ ವಿಭಾಗ ತೆರೆದದ್ದು 2022ರ ಜನವರಿಯಲ್ಲಿ. ಜಿಲ್ಲೆಯಲ್ಲಿ ಸಾವಿರಾರು ನರಸಂಬಂಧಿ ಕಾಯಿಲೆಯ ಮಕ್ಕಳಿರುವಾಗ ಸರಕಾರಿ ವ್ಯವಸ್ಥೆಗೆ ಒಬ್ಬ ನರರೋಗ ತಜ್ಞರು ಬರಲು ಅಲ್ಲಿಯವರೆಗೆ ಕಾಯಬೇಕಾಯಿತು. ಎಂ.ಬಿ.ಬಿ.ಎಸ್.ನ 50 ಸೀಟುಗಳಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ರೋಗ ತಮಗೂ ತಗಲಬಹುದು ಎಂಬ ಭಯ ಇದ್ದಾಗ ನಾಲ್ಕು ದಿನ. ಪಡ್ರೆಯವರಿಗೆ ಮಾತ್ರ ಬಂದ ರೋಗಕ್ಕೆ ಹನ್ನೆರಡು ವರ್ಷ. ಎಂಡೋಸಲ್ಫಾನ್ ಅಂಟುರೋಗವಾಗಿದ್ದರೆ ಇಷ್ಟರಲ್ಲಿ ಜಿಲ್ಲೆಗೆ ಏಮ್ಸ್ ಬಂದಿರುತ್ತಿತ್ತೋ ಏನೋ. ಆ ಏಮ್ಸ್‌ಗಾಗಿ, ಸಂತ್ರಸ್ತರ ಚಿಕಿತ್ಸೆಗಾಗಿ ದಯಾಬಾಯಿ ಎಂಬ ಎಂಬತ್ತು ದಾಟಿದ ಸಮಾಜ ಸೇವಕಿ 2022ರ ಅಕ್ಟೋಬರಿನಲ್ಲಿ ಸೆಕ್ರೆಟೇರಿಯಟ್ ಮುಂದೆ ಎರಡು ವಾರಕ್ಕೂ ಹೆಚ್ಚು ಕಾಲ ಉಪವಾಸ ಮಾಡಿದರು. ಸರಕಾರ ಏಮ್ಸ್‌ಗೆ ತೋರಿಸಿದ ಜಾಗ ಕೋಝಿಕ್ಕೋಡಿನ ಕಿನಾಲೂರು.

ತೆಕ್ಕಿಲ್‌ನ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಟಾಟಾ ಸಂಸ್ಥೆ 60 ಕೋಟಿ ಖರ್ಚಿನಲ್ಲಿ 128 ಕಂಟೇನರುಗಳ ಕೋವಿಡ್ ಆಸ್ಪತ್ರೆ ಕಟ್ಟಿ 2020ರ ಸೆಪ್ಟೆಂಬರಿನಲ್ಲಿ ಸರಕಾರದ ಕೈಗಿಟ್ಟಿತು. ಬೇಕಾದಾಗ ಅದು ಸಾವಿರಾರು ಮಂದಿಗೆ ನೆರಳಾಯಿತು. ಕೊರೋನಾ ಇಳಿಯುತ್ತಿದ್ದಂತೆ ವೈದ್ಯರನ್ನು ಬೇರೆಡೆಗೆ ಕಳಿಸಿದರು, ಮಾಡು ಸೋರತೊಡಗಿತು, ಆಮೇಲೆ ಒಡೆದು ತೆಗೆಯುವ ಮಾತು ಬಂತು. ಕೊಟ್ಟ ಆಸ್ಪತ್ರೆಯನ್ನು ಉಳಿಸಿಕೊಳ್ಳಲಾರದ ಜಿಲ್ಲೆಗೆ ಹೊಸ ಆಸ್ಪತ್ರೆಯ ಭರವಸೆ ಕೊಡುವವರು ಒಮ್ಮೆ ಆ ಗುಡ್ಡೆ ಹತ್ತಿ ನೋಡಬೇಕು.

ಕೇರಳವನ್ನು ಬಯ್ದು ಕರ್ನಾಟಕದತ್ತ ಕೈ ತೋರಿಸುವ ಹುಮ್ಮಸ್ಸು ನಮ್ಮಲ್ಲಿ ಕೆಲವರಿಗೆ ಈಗ ಬಂದಿರಬಹುದು. ಸ್ವಲ್ಪ ತಾಳಿ. ಗಡಿಯ ಆಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಇದೇ ಮದ್ದನ್ನು ಇದೇ ರೀತಿ ಸುರಿಸಿದ್ದು ಕರ್ನಾಟಕ ಸರಕಾರದ ಗೇರು ಅಭಿವೃದ್ಧಿ ನಿಗಮ. ಅಲ್ಲಿನ ತಾಯಂದಿರೂ ಹೈಕೋರ್ಟಿನ ಆಸರೆಯಿಂದಲೇ ಮಾಸಾಶನ ಕಂಡವರು. ಇನ್ನು 2020ರ ಮಾರ್ಚ್ 24ರ ಬಳಿಕದ ದಿನಗಳನ್ನು ಮಂಜೇಶ್ವರದವರು ಮರೆಯಲಾರರು. ಕರ್ನಾಟಕ ತಲಪಾಡಿಯನ್ನು ಮುಚ್ಚಿತು, ಒಳದಾರಿಗಳಿಗೆ ಟಿಪ್ಪರ್‌ನಲ್ಲಿ ಮಣ್ಣು ತಂದು ಸುರಿಯಿತು. ಮಂಗಳೂರಿಗೆ ಹೊರಟ ಆಂಬುಲೆನ್ಸುಗಳು ಗಡಿಯಿಂದ ಹಿಂದೆ ತಿರುಗಿದವು. ಚಿಕಿತ್ಸೆ ಸಿಗದೆ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರೆಂದು ಆಗ ವರದಿಯಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರವು ಮಾಡಿಸಲು ಕೇಂದ್ರಕ್ಕೆ ಹೇಳಿತು, ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ಕ್ಕೆ ರಾಜಿಯ ಸೂತ್ರ ಬಂತು. ಎರಡು ರಾಜ್ಯಗಳ ವಕೀಲರು ವಾದಿಸುತ್ತಿದ್ದ ಆ ಎರಡು ವಾರ ಡಯಾಲಿಸಿಸ್ ಬೇಕಾಗಿದ್ದವರ ಮೂತ್ರಪಿಂಡಗಳು ವಾಯಿದೆ ಕೇಳಲಿಲ್ಲ. ಪ್ರತಿ ನವೆಂಬರ್ 1ರಂದು ಗಡಿನಾಡ ಕನ್ನಡಿಗರಿಗೆ ಶಾಲು ಹೊದೆಸುವ ರಾಜ್ಯ ಸುರಿದ ಮಣ್ಣು ಅದು.

ನಮ್ಮ ಹಿಂದಿನ ತಲೆಮಾರು ಎಲ್ಲ ಸಂಕಟಕ್ಕೂ ಒಂದೇ ಮದ್ದು ಎಂದು ನಂಬಿತ್ತು: ಕರ್ನಾಟಕದೊಂದಿಗೆ ವಿಲೀನೀಕರಣ. 1957ರಲ್ಲಿ ಕೇರಳದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ, ಅದರ ಪರ ನಿಂತ ಎಂ. ಉಮೇಶ ರಾವ್ ಅವಿರೋಧವಾಗಿ ಆರಿಸಿಬಂದರು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನೆಲ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಳ್ಳುವವರೆಗೂ ಆ ವರದಿ ಜಾರಿಯಾಗುವುದನ್ನು ಕಾದರು. ಆ ಹೋರಾಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ತಲಪಾಡಿಯ ಮಣ್ಣಿನ ರಾಶಿ ಕಂಡ ಮೇಲೆ, ಗಡಿಯ ಕಲ್ಲು ಅತ್ತಿತ್ತ ಸರಿದರೆ ಸರಕಾರದ ಸ್ವಭಾವವೂ ಸರಿಯುತ್ತದೆ ಎಂದು ನಂಬುವುದು ಕಷ್ಟ. ತಿರುವನಂತಪುರ ಇಲ್ಲಿಂದ ಐನೂರೈವತ್ತು ಕಿಲೋಮೀಟರಿಗೂ ಆಚೆ. ಬೆಂಗಳೂರು ಅದಕ್ಕಿಂತ ಹತ್ತಿರ, ಆದರೆ ಘಟ್ಟದ ಮೇಲೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು, ನೊಗ ಮಾತ್ರ ನಮ್ಮ ಹೆಗಲ ಮೇಲೆ.

ಭಾಷೆಯ ಮಾತನ್ನೂ ಇಲ್ಲಿ ಆಡಲೇಬೇಕು, ಏಕೆಂದರೆ ಅದು ಆಸ್ಪತ್ರೆಯ ಬಾಗಿಲಿನಲ್ಲೇ ಶುರುವಾಗುತ್ತದೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳ ಹಳೆಯ ತಲೆಗಳಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆಯಲ್ಲಿ ನೋವು ಹೇಳಿಕೊಳ್ಳಲು ಬರುವುದಿಲ್ಲ. ತನ್ನ ಭಾಷೆಯಲ್ಲಿ ಸರಕಾರಕ್ಕೆ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೆಯ ವಿಧಿಯಲ್ಲಿ ಇದೆ. ಕೌಂಟರಿನಲ್ಲಿ ಕೊಡುವ ಅರ್ಜಿ ನಮೂನೆ ಮಾತ್ರ ಮಲಯಾಳದಲ್ಲಿ ಇರುತ್ತದೆ. ಯಾರದೋ ಕೈಯಿಂದ ತುಂಬಿಸಿದ ಆ ಅರ್ಜಿಯಲ್ಲಿ ಒಂದು ಕೋಣೆ ಖಾಲಿ ಉಳಿದರೆ ಪಟ್ಟಿಯಿಂದ ಒಂದು ಹೆಸರು ಬಿದ್ದುಹೋಗುತ್ತದೆ. ಭಾಷೆ ಇಲ್ಲಿ ಅಭಿಮಾನದ ವಿಷಯವಾಗುವ ಮೊದಲು ಮಾಸಾಶನದ ವಿಷಯ. ಆ ಮಾಸಾಶನವಾದರೂ ಎಷ್ಟು? ಹಾಸಿಗೆ ಹಿಡಿದವರಿಗೆ ಗರಿಷ್ಠ 2,200 ರೂಪಾಯಿ, ಅದೂ ತಿಂಗಳುಗಟ್ಟಲೆ ಬಾಕಿ ಉಳಿದದ್ದುಂಟು.

ಜಿಲ್ಲೆ ಹಿಂದುಳಿದಿದೆ ಎಂಬುದನ್ನು ಯಾವ ಸರಕಾರವೂ ಅಲ್ಲಗಳೆದಿಲ್ಲ. ನಿವೃತ್ತ ಮುಖ್ಯ ಕಾರ್ಯದರ್ಶಿ ಪಿ. ಪ್ರಭಾಕರನ್ ಅವರ ಆಯೋಗವನ್ನು 2012ರಲ್ಲಿ ನೇಮಿಸಿದರು. ಅದು 11,123 ಕೋಟಿ ರೂಪಾಯಿಯ ಯೋಜನೆಗಳನ್ನು ಪಟ್ಟಿ ಮಾಡಿತು. ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಎಂದು ಅದಕ್ಕೆ ಹೆಸರಾಯಿತು. ಆ ಮೇಲಿನ ಪ್ರತಿ ಬಜೆಟ್ಟಿನಲ್ಲೂ ಅದರ ಹೆಸರಲ್ಲಿ ಬಂದದ್ದು ಕೋಟಿಗಳ ಲೆಕ್ಕದ ತುಣುಕು. ಒಂದು ಕಾಲು ಸಂಕ, ಒಂದು ಶಾಲೆಯ ಕೊಠಡಿ, ಒಂದು ತಡೆಗೋಡೆ. ಬಂದದ್ದು ಬೇಡವೆನ್ನುವುದಿಲ್ಲ. ಆದರೆ ವೈದ್ಯರು ಬರೆದ ಚೀಟಿಯಲ್ಲಿ ಹತ್ತು ಮದ್ದಿದ್ದರೆ ಅಂಗಡಿಯವನು ಒಂದೊಂದು ಗುಳಿಗೆ ಕೊಟ್ಟು, ಉಳಿದದ್ದಕ್ಕೆ ಮುಂದಿನ ವರ್ಷ ಬನ್ನಿ ಎಂದ ಹಾಗಾಯಿತು.

ನಮಗೆ ನಿಜವಾಗಿ ದಿಗಿಲು ಹುಟ್ಟಿಸುತ್ತಿರುವುದು ಸರಕಾರದ ಜಡತ್ವವಲ್ಲ, ಅದಕ್ಕೆ ನಮ್ಮ ಜನ ಕಂಡುಕೊಂಡ ಮದ್ದು. ಕೇಳುವುದನ್ನೇ ಬಿಟ್ಟುಬಿಡುವುದು. ಹೆರಿಗೆಯೇ, ಎದೆನೋವೇ, ಅಪಘಾತವೇ, ಕುಡ್ಲಕ್ಕೆ, ಅಂದರೆ ಮಂಗಳೂರಿಗೆ, ಕೊಂಡುಹೋಗಿ ಎನ್ನುವುದು ನಮ್ಮ ಬಾಯಿಗೆ ಎಷ್ಟು ರೂಢಿಯಾಗಿದೆ ಎಂದರೆ ಇಲ್ಲಿ ಯಾಕೆ ಇಲ್ಲ ಎಂಬ ಪ್ರಶ್ನೆ ನಾಲಿಗೆಗೆ ಬರುವುದೇ ಇಲ್ಲ. ಇದ್ದವನು ಕಾರು ತೆಗೆಯುತ್ತಾನೆ, ಇಲ್ಲದವನು ಚಿನ್ನ ಅಡವಿಡುತ್ತಾನೆ. ಮಕ್ಕಳನ್ನು ಕಾಲೇಜಿಗೆ ಮಂಗಳೂರಿಗೆ, ದುಡಿಮೆಗೆ ಗಲ್ಫಿಗೆ ಕಳಿಸುತ್ತೇವೆ. ಊರಿನ ಸಮಸ್ಯೆಯನ್ನು ಮನೆಮನೆಯವರು ಬೇರೆಬೇರೆಯಾಗಿ, ತಮ್ಮ ತಮ್ಮ ಜೇಬಿಗೆ ತಕ್ಕಂತೆ ಬಗೆಹರಿಸಿಕೊಂಡಿದ್ದೇವೆ. ಸರಕಾರಕ್ಕೆ ಇದಕ್ಕಿಂತ ಹಿತವಾದ ಪ್ರಜೆಗಳು ಬೇಕೇ? ಕೇಳದವನಿಗೆ ಕೊಡುವ ಸರಕಾರ ಈ ಭೂಮಿಯ ಮೇಲೆ ಎಲ್ಲೂ ಹುಟ್ಟಿಲ್ಲ. ಇಲ್ಲಿ ಏನಾದರೂ ಆದದ್ದಿದ್ದರೆ ಲೀಲಾಕುಮಾರಿ ಅಮ್ಮ ಕೇಳಿದ್ದಕ್ಕೆ, ಮೋಹನ್ ಕುಮಾರ್ ಕೇಳಿದ್ದಕ್ಕೆ, ಎಳೆಯ ಮಕ್ಕಳನ್ನು ಹೆಗಲ ಮೇಲೆ ಹೊತ್ತು 2019ರಲ್ಲಿ ಸೆಕ್ರೆಟೇರಿಯಟ್ ಮುಂದೆ ಉಪವಾಸ ಕೂತ ತಾಯಂದಿರು ಕೇಳಿದ್ದಕ್ಕೆ.

ಒಂದು ಮಾತು ಇಲ್ಲಿ ನೆನಪಾಗುತ್ತದೆ. ಸರಕಾರ ಏನು ಮಾಡಬಾರದು ಎಂಬುದಕ್ಕೆ ಇಡೀ ದೇಶಕ್ಕೆ ಉತ್ತರ ತಂದುಕೊಟ್ಟ ನೆಲ ಇದು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳ ಸರಕಾರದ ವಿರುದ್ಧ ಹಾಕಿದ ದಾವೆಯಲ್ಲೇ 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂಬ ತೀರ್ಪು ಬಂದದ್ದು. ಅದೇ ಎಡನೀರಿನಿಂದ ಉಕ್ಕಿನಡ್ಕ ಹೆಚ್ಚು ದೂರವಿಲ್ಲ. ಸರಕಾರ ಏನನ್ನು ಮಾಡಲೇಬೇಕು ಎಂಬುದಕ್ಕೆ ಉತ್ತರ ಆ ರಸ್ತೆಯಲ್ಲಿ ಇನ್ನೂ ಎಲ್ಲೋ ಬಾಕಿಯಿದೆ.

ಜಿಲ್ಲಾಧಿಕಾರಿಯ ಕಚೇರಿಯಿಂದ ಸೆಕ್ರೆಟೇರಿಯಟ್‌ವರೆಗೆ ನಾವು ಕೇಳುವುದು ದೊಡ್ಡದನ್ನೇನಲ್ಲ, ದಿನಾಂಕಗಳನ್ನು. ಹುಟ್ಟಿದ ದಿನಾಂಕಕ್ಕೆ ಗೆರೆ ಎಳೆಯಬಲ್ಲ ಸರಕಾರ ತನ್ನ ಕೆಲಸಕ್ಕೂ ಒಂದು ಗೆರೆ ಎಳೆಯಲಿ. ಉಕ್ಕಿನಡ್ಕದ ಆಸ್ಪತ್ರೆ ಕಟ್ಟಡದಲ್ಲಿ ಮೊದಲ ಒಳರೋಗಿ ಮಲಗುವುದು ಯಾವ ತಿಂಗಳು? ಸಂತ್ರಸ್ತರಿಗೆಂದು ರೂಪಿಸಿದ ಮುಳಿಯಾರಿನ ಪುನರ್ವಸತಿ ಗ್ರಾಮದಲ್ಲಿ, ತನ್ನ ಬಳಿಕ ಈ ಮಗುವಿಗೆ ಯಾರು ಎಂದು ಕೇಳುತ್ತಿರುವ ಮುದಿ ತಾಯಿಯ ಮಗನಿಗೆ ಹಾಸಿಗೆ ಸಿಗುವುದು ಯಾವ ವರ್ಷ? ಸುರಿಸದೆ ಉಳಿದ ವಿಷದ ಬ್ಯಾರಲುಗಳು ಕಾರ್ಪೊರೇಶನ್ನಿನ ಗೋದಾಮುಗಳಲ್ಲಿ ವರ್ಷಗಟ್ಟಲೆ ತುಕ್ಕು ಹಿಡಿದವು, 2012ರಲ್ಲಿ ಅದನ್ನು ಹೊಸ ಬ್ಯಾರಲುಗಳಿಗೆ ತುಂಬಿಸಿದರು. ಮಿಂಚಿನಪದವಿನ ಗುಡ್ಡೆಯ ಬಾವಿಯಲ್ಲಿ ವಿಷವನ್ನು ಹೂತಿದ್ದಾರೆಂಬ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಆ ಗುಡ್ಡೆಯ ನೀರು ಎರಡು ರಾಜ್ಯಗಳಿಗೂ ಇಳಿಯುತ್ತದೆ. ಅದರ ತಳದ ಮಣ್ಣು ಶುದ್ಧವಾಗಿದೆ ಎಂದು ಸಹಿ ಹಾಕುವ ಅಧಿಕಾರಿ ಯಾರು, ಎಂದು? ಕನ್ನಡ ಬಲ್ಲ ಒಬ್ಬ ಗುಮಾಸ್ತ ಎಣ್ಮಕಜೆಯ ಕೌಂಟರಿನಲ್ಲಿ ಕೂರುವುದು ಯಾವಾಗ?

ಈ ನಡುವೆ ಉಕ್ಕಿನಡ್ಕದ ಐವತ್ತು ವಿದ್ಯಾರ್ಥಿಗಳು ಪಾಠ ಶುರು ಮಾಡಿದ್ದಾರೆ. ಅವರ ಕಲಿಕೆಗೆ ಜೋಡಿಸಿರುವುದು ಪೇಟೆಯ ಜನರಲ್ ಆಸ್ಪತ್ರೆಯನ್ನು. ರೋಗಿಯ ಮೈಮುಟ್ಟಿ ಕಲಿಯುವ ವರ್ಷ ಬಂದಾಗ ಅವರು ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಪಡುವಲಿಗೆ, ಸುಮಾರು ಇಪ್ಪತ್ತೈದು ಕಿಲೋಮೀಟರ್ ಆಚೆಯ ಕಾಸರಗೋಡಿಗೆ ಹೋಗಬೇಕು. ಅದೇ ರಸ್ತೆಯಲ್ಲಿ ಪೆರ್ಲದ ರೋಗಿ ಮೂಡಲಿಗೆ, ಸಾರಡ್ಕ ದಾಟಿ ಮಂಗಳೂರಿಗೆ ಹೋಗುತ್ತಿರುತ್ತಾನೆ.